ಮಿನೆಯ ಬಿತ್ತನೆ ಗೂಡು

ನನ್ನ ವಾರಗಿತ್ತಿ ಮಿನೆಯ ಬಗ್ಗೆ ನಮ್ಮೂರು ಕುನುಗಿದೈರದಲ್ಲಿ ಯಾರೂ ಕೆಟ್ಟ ಮಾತು ಆಡುವುದಿಲ್ಲ. ಆ ಕೆಲಸವನ್ನು ಮೂವತ್ತೈದು ವರ್ಷ ನಾನೊಬ್ಬಳೇ ಮಾಡಿಕೊಂಡು ಬಂದೆ. ಅವಳು ಹೋಗಿ ಈಗ ಮೂರನೆಯ ವರ್ಷ. ಮೊನ್ನೆ ವರ್ಷದ ಪೂಜೆಗೆ ಬಂದ ಗುರುಗಳು ಅವಳ ತಾಳ್ಮೆ, ಅವಳ ಕೈಗುಣ ಅಂತ ಹೊಗಳುತ್ತಿದ್ದರೆ ನನಗೆ ಕೂತ ಚಾಪೆ ಚುಚ್ಚುತ್ತಿತ್ತು. ಅವರು ಹೇಳಿದ್ದೆಲ್ಲ ನಿಜವೇ. ಆದರೆ ಅವಳ ವಿಷಯದಲ್ಲಿ ನಿಜವಾಗಿ ಹೇಳಬೇಕಾದ ಒಂದು ಸಂಗತಿ ಗುರುಗಳಿಗೆ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ, ನನಗೊಬ್ಬಳಿಗೇ ಗೊತ್ತು. ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ಮಿನೆ ಕಣಿವೆಯಾಚೆಯ ಊರಿನಿಂದ ಹದಿನೇಳನೆಯ ವಯಸ್ಸಿಗೆ ದೊಡ್ಡ ಮನೆಯ ಹಿರಿಮಗ ಕಿಸಾಕುವಿನ ಹೆಂಡತಿಯಾಗಿ ಬಂದಳು. ನಾಲ್ಕು ವರ್ಷ ಕಳೆದು ಕಿರಿಮಗನ ಹೆಂಡತಿಯಾಗಿ ನಾನು ಬಂದೆ. ನಮಗೆ ಓಣಿಯಾಚೆ ಸಣ್ಣದೊಂದು ಮನೆ ಕಟ್ಟಿಸಿ, ಒಂದು ತುಂಡು ಹಿಪ್ಪುನೇರಳೆ ತೋಟ ಕೊಟ್ಟು ಬೇರೆ ಇಟ್ಟರು. ಬೇರೆ ಇಟ್ಟರು ಅನ್ನುವುದು ಹೆಸರಿಗೆ. ಸೊಪ್ಪು ಯಾವತ್ತು ಕೊಯ್ಯಬೇಕು, ಮೂಲಂಗಿ ಯಾವತ್ತು ಉಪ್ಪಿಗೆ ಹಾಕಬೇಕು, ಎಲ್ಲವೂ ಆ ಮನೆಯಿಂದಲೇ ಅಪ್ಪಣೆಯಾಗಬೇಕಿತ್ತು.

ನಮ್ಮತ್ತೆ ರೇಷ್ಮೆಹುಳು ಸಾಕುವುದರಲ್ಲಿ ಎತ್ತಿದ ಕೈ. ಹುಳುವನ್ನು ಬರೀ ಹುಳು ಅಂದರೆ ಅವರು ಕೆಂಡವಾಗುತ್ತಿದ್ದರು, ‘ಹುಳಸ್ವಾಮಿ’ ಅನ್ನಬೇಕು. ವಸಂತದಲ್ಲಿ ಹುಳಸ್ವಾಮಿ ಬಂದರೆ ಚಾಪೆ ಹಾಸಿದ ಕೋಣೆಗಳೆಲ್ಲ ಅವರಿಗೆ. ಮನುಷ್ಯರು ನಾವು ಅಡಿಗೆ ಒಲೆಯ ಮೂಲೆಯಲ್ಲಿ ಮುದುಡಿಕೊಂಡು ಮಲಗಬೇಕು. ಆ ಹುಳುವಿನ ಬಿತ್ತನೆಯೂ ಮನೆಯದೇ. ಒಳ್ಳೆಯ ಗೂಡುಗಳನ್ನು ಆರಿಸಿ ಇಟ್ಟು, ಅದರಿಂದ ಹೊರಟ ಚಿಟ್ಟೆಗಳಿಂದ ಕಾಗದದ ಮೇಲೆ ಮೊಟ್ಟೆ ಇಡಿಸಿ, ಆ ಕಾಗದವನ್ನು ಚಳಿಗಾಲವೆಲ್ಲ ತೂಗುಹಾಕಿ, ಕಡುಚಳಿಯ ದಿನ ಹೊಳೆಯ ಮಂಜುನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಚಳಿ ತಡೆದ ಮೊಟ್ಟೆಯೇ ಗಟ್ಟಿ ಅನ್ನುವುದು ಅವರ ನಂಬಿಕೆ. ವಸಂತ ಬಂದ ಮೇಲೆ ಮನೆಯ ಹೆಣ್ಣೊಬ್ಬಳು ಆ ಕಾಗದವನ್ನು ಎದೆಗವಚಿ ಬಟ್ಟೆಯೊಳಗೆ ಇಟ್ಟುಕೊಂಡು, ಮೊಟ್ಟೆ ಒಡೆಯುವ ತನಕ ಕಾವು ಕೊಡಬೇಕು.

ಅತ್ತೆ ಆ ಕಾಗದವನ್ನು ಮಿನೆಗೆ ಕೊಟ್ಟರು. ನನಗೆ ಒಂದು ವರ್ಷವೂ ಕೊಡಲಿಲ್ಲ.

“ನೀನು ನಡೆದ್ರೆ ನೆಲ ಅದುರುತ್ತೆ ಕಣೆ ಯೋನೆ, ಹುಳಸ್ವಾಮಿ ಬೆಚ್ಚಿಬೀಳ್ತಾರೆ,” ಅಂದರು. ನಗುತ್ತಲೇ ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಮಿನೆ ಮಾತ್ರ ನಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಅತ್ತೆ ಸತ್ತ ಮೇಲೆ ಓಣಿಯ ಮೂರು ಮನೆಗೆ ಬಿತ್ತನೆ ಕೊಡುವವಳು ಮಿನೆಯಾದಳು. ದೊಡ್ಡ ಮನೆ, ನಮ್ಮ ಮನೆ, ಓಣಿಯ ಕೊನೆಯ ಕೂರಾಳ ಮನೆ. ಕೂರಾ ಗಂಡ ಸತ್ತವಳು. ಕಾಡಿನಲ್ಲಿ ಮರ ಉರುಳಿ ಅವನು ಹೋದಾಗ ಅವಳ ಕಿರಿಯ ಮಗು ಇನ್ನೂ ಹಾಲು ಕುಡಿಯುತ್ತಿತ್ತು. ಸ್ವಂತದ್ದು ಅಂತ ಅವಳಿಗೆ ಗೇಣು ನೆಲವಿಲ್ಲ. ಕೆಳಗಿನ ಊರಿನ ಜಮೀನುದಾರನಿಂದ ಗೇಣಿಗೆ ಹಿಡಿದ ಒಂದು ಹಿಪ್ಪುನೇರಳೆ ತೋಟವೇ ಅವಳ ಅನ್ನ. ಮಿನೆ ಕೊಟ್ಟ ಬಿತ್ತನೆ, ಆ ತೋಟದ ಸೊಪ್ಪು, ಇವೆರಡರ ಮೇಲೆ ಮೂರು ಮಕ್ಕಳನ್ನು ಸಾಕುತ್ತಿದ್ದಳು. ನಮ್ಮ ಮನೆತನದ ಹುಳು ಕಟ್ಟುವ ಗೂಡು ಬೆಳ್ಳಗೆ, ಚಿಕ್ಕದಾಗಿ, ಕಡಲೆಕಾಯಿಯ ಹಾಗೆ ನಡು ಸಣ್ಣಗೆ ಇರುತ್ತಿತ್ತು. ಊರಲ್ಲಿ ಅದಕ್ಕೆ ‘ಅತ್ತೆ ಗೂಡು’ ಅಂತಲೇ ಹೆಸರು.

ತೈಶೊ ಚಕ್ರವರ್ತಿಯ ಆಳ್ವಿಕೆಯ ನಾಲ್ಕನೆಯ ವರ್ಷ ಮೊಮೊಸೆ ಬಂದ. ಸರೋವರದ ದಂಡೆಯಲ್ಲಿ ನೂಲು ಬಿಚ್ಚುವ ಕಾರ್ಖಾನೆಗಳು ಸಾಲಾಗಿ ಎದ್ದಿದ್ದ ಕಾಲ. ಯೂರೋಪಿನಲ್ಲಿ ಯುದ್ಧವಂತೆ, ಅಮೆರಿಕದ ಹೆಂಗಸರಿಗೆ ರೇಷ್ಮೆ ಕಾಲುಚೀಲವೇ ಬೇಕಂತೆ, ಆ ಕಾಲುಚೀಲಕ್ಕೆ ಒಂದೇ ದಪ್ಪದ ನೂಲೇ ಆಗಬೇಕಂತೆ. ಯಾವಳೋ ಕಾಲಿಗೆ ಏನೋ ಹಾಕುತ್ತಾಳೆ ಅಂತ ನಮ್ಮ ಕಣಿವೆಗೆ ಸೈಕಲ್ ಮೇಲೆ ಮೇಷ್ಟ್ರು ಬಂದ! ಹುಳು ಹೇಗೆ ಸಾಕಬೇಕು ಅಂತ ಕಂಪನಿಯ ಪರವಾಗಿ ಹೇಳಿಕೊಡುವವನೂ ಅವನೇ, ಗೂಡು ತೂಗಿ ಕೊಳ್ಳುವವನೂ ಅವನೇ. ಇಪ್ಪತ್ತೈದರ ಹುಡುಗ, ದುಂಡು ಕನ್ನಡಕ, ತುಂಬಾ ಬೆವರುತ್ತಿದ್ದ.

ಅವನು ತಂದದ್ದು ಎರಡು ಜಾತಿಯ ಹುಳು ಕೂಡಿಸಿ ಮಾಡಿದ ಹೊಸ ಬಿತ್ತನೆಯ ಕಾಗದ. ಪುಕ್ಕಟೆ. ಆದರೆ ಅದರ ಗೂಡನ್ನು ಕಂಪನಿ ಬಿಟ್ಟು ಬೇರೆಯವರಿಗೆ ಮಾರಕೂಡದು.

“ಹಗ್ಗ ಪುಕ್ಕಟೆ, ಕುತ್ತಿಗೆ ಮಾತ್ರ ನಮ್ದು,” ಅಂದರು ಕಿಸಾಕು ಭಾವ.

“ಹಾಗಲ್ಲ ಯಜಮಾನ್ರೆ, ಒಂದ್ಸಲ ಸಾಕಿ ನೋಡಿ,” ಅಂದ ಮೊಮೊಸೆ. “ಇನ್ನೊಂದು ಮಾತು. ಇದರ ಗೂಡಿಂದ ಮನೇಲಿ ಬಿತ್ತನೆ ಮಾಡ್ಕೋಬೇಡಿ. ವರ್ಷಾ ವರ್ಷಾ ನಮ್ಮ ಕಾಗದಾನೇ ತಗೊಳ್ಳಿ.”

ಅವನು ಹೋದ ಮೇಲೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮನೆಯಲ್ಲೇ ಮಾಡಿಕೊಳ್ಳಿ, ನನ್ನ ಹತ್ತಿರ ಬರಬೇಡಿ ಅಂತ ಯಾವ ವ್ಯಾಪಾರಿ ತಾನೇ ಹೇಳುತ್ತಾನೆ?

ಮಿನೆ ಆ ವರ್ಷ ಅರ್ಧ ತಟ್ಟೆಗಳಲ್ಲಿ ಅತ್ತೆಯ ಹುಳು, ಅರ್ಧದಲ್ಲಿ ಹೊಸದು ಸಾಕಿದಳು. ಅಯ್ಯಪ್ಪ, ಹೊಸದರ ಬೆಳೆ! ಎಲ್ಲವೂ ಒಂದೇ ದಿನ ಮೊಟ್ಟೆಯೊಡೆದವು, ಒಂದೇ ದಿನ ಜ್ವರಕ್ಕೆ ಕೂತು ಪೊರೆ ಬಿಟ್ಟವು, ಒಂದೇ ದಿನ ಹಣ್ಣಾಗಿ ಗೂಡು ಕಟ್ಟಿದವು. ಗೂಡೋ, ಹಿಡಿ ತುಂಬ. ಅತ್ತೆ ಗೂಡು ಅದರ ಪಕ್ಕದಲ್ಲಿ ಬಡವರ ಮನೆ ಮಕ್ಕಳಂತೆ ಕಂಡಿತು. ಆಮೇಲೆ ಮಿನೆ ಮಾಡಿದ್ದು ಅತ್ತೆ ಇಪ್ಪತ್ತು ವರ್ಷ ಕಲಿಸಿದ್ದನ್ನೇ. ಎಲ್ಲಕ್ಕಿಂತ ದೊಡ್ಡ, ಎಲ್ಲಕ್ಕಿಂತ ಚೆಂದದ ಗೂಡುಗಳನ್ನು ಆರಿಸಿ ಬಿತ್ತನೆಗೆ ಇಟ್ಟಳು. ಅವೆಲ್ಲವೂ ಹೊಸದರವೇ. ಅತ್ತೆ ಗೂಡಿನಿಂದ ಒಂದನ್ನೂ ಉಳಿಸಲಿಲ್ಲ. ಅವಳನ್ನು ಬೈಯುವ ಹಾಗಿಲ್ಲ. ಅತ್ತೆ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದರು.

ಮರುವರ್ಷ ವಸಂತಕ್ಕೆ ಮೊಮೊಸೆ ಮತ್ತೆ ಕಾಗದ ಹೊತ್ತು ಬಂದ. ಈ ಸಲ ಒಂದು ಸುದ್ದಿಯೂ ಇತ್ತು. ಈ ಬೆಳೆಯ ಗೂಡು ಕಂಪನಿಯಲ್ಲಿ ಒಪ್ಪಿಗೆಯಾದ ಮನೆಗಳ ಹೆಸರು ಪಟ್ಟಿಗೆ ಹೋಗುತ್ತದೆ. ಕೆಳಗಿನ ಊರಿನ ಜಮೀನುದಾರ ಇನ್ನು ಮುಂದೆ ಪಟ್ಟಿಯಲ್ಲಿ ಇದ್ದವರಿಗೇ ತೋಟ ಗೇಣಿಗೆ ಕೊಡುವುದಂತೆ. ನಮ್ಮ ಎರಡು ಮನೆಗೂ ಸ್ವಂತ ತೋಟ. ಕೂರಾ ಮಾತ್ರ ಹೆದರಿ, ಕಾಗದ ಇಸಿದುಕೊಂಡು ಮಿನೆಯ ಬಾಗಿಲಿಗೆ ಬಂದಳು.

“ಮಿನೆಕ್ಕ, ಇದನ್ನ ತಗೊಳ್ಳಾ, ಬೇಡ್ವಾ?”

“ನನ್ನ ಹತ್ರ ಇರೋದೂ ಅದೇ ಬಿತ್ತನೆ ಅಲ್ವೇನೆ? ಅವರದು ಪೆಟ್ಟಿಗೇಲಿ ಬಂದಿದ್ದು. ನಂದು ಕಡುಚಳಿಯ ನೀರು ಕಂಡಿದ್ದು, ಎದೆಕಾವು ಕಂಡಿದ್ದು. ವಾಪಸ್ ಕೊಟ್ಟುಬಿಡು. ನಿನ್ನ ಬೆಳೆಗೆ ನಾನು ಹೊಣೆ.”

ಕೂರಾ ಆ ಕಾಗದವನ್ನು ಮೊಮೊಸೆಗೆ ವಾಪಸ್ ಕೊಟ್ಟಳು. ನಾನು ಅಲ್ಲೇ ಇದ್ದೆ, ಕಣ್ಣಾರೆ ಕಂಡೆ.

ಬಿತ್ತಿದಂತೆ ಬೆಳೆ ಅನ್ನುತ್ತಾರೆ. ಆ ವರ್ಷ ಅದೂ ಸುಳ್ಳಾಯಿತು. ಮೊಟ್ಟೆಗಳು ಒಂದೇ ದಿನ ಒಡೆಯದೆ, ಇವತ್ತಿಷ್ಟು ನಾಳೆಯಿಷ್ಟು ಅಂತ ಐದು ದಿನ ಹಿಡಿದವು. ಮೊದಲನೆಯ ಜ್ವರದ ಹೊತ್ತಿಗೆ ಒಂದೇ ತಟ್ಟೆಯಲ್ಲಿ ಅರ್ಧ ಹುಳು ತಲೆ ಎತ್ತಿ ನಿದ್ದೆಗೆ ಕೂತಿದ್ದರೆ ಇನ್ನರ್ಧ ಸೊಪ್ಪು ತಿನ್ನುತ್ತಿದ್ದವು. ನಿದ್ದೆಗೆ ಕೂತವುಗಳ ಮೇಲೆ ಸೊಪ್ಪು ಹಾಕಿದರೆ ಅವು ಕೊಳೆಯುತ್ತವೆ. ಹಾಕದಿದ್ದರೆ ಎದ್ದಿರುವವು ಹಸಿವಿನಿಂದ ಸೊರಗುತ್ತವೆ. ಮಿನೆ ಚಾಪ್‌ಸ್ಟಿಕ್‌ನಿಂದ ಒಂದೊಂದಾಗಿ ಎತ್ತಿ ಬೇರೆ ಬೇರೆ ತಟ್ಟೆಗೆ ಹಾಕುತ್ತಾ ಹೋದಳು. ಬೆಳಿಗ್ಗೆ ತನ್ನ ಮನೆ, ಮಧ್ಯಾಹ್ನ ಕೂರಾಳ ಮನೆ, ಸಂಜೆ ನಮ್ಮ ಮನೆ. ಎರಡನೆಯ ಜ್ವರಕ್ಕೆ ಅಂತರ ಇನ್ನೂ ಹೆಚ್ಚಾಯಿತು. ಮೂರನೆಯ ಜ್ವರ ಮುಗಿದದ್ದೇ, ನಾಲ್ಕನೆಯದಕ್ಕೆ ಕಾಯದೆ ಕೆಲವು ಹುಳು ಬೆರಳಿನ ಅರ್ಧದಷ್ಟಿದ್ದಾಗಲೇ ಹಣ್ಣಾಗಿ ಮೂಲೆ ಹುಡುಕತೊಡಗಿದವು.

ಕೂರಾ ಏದುಸಿರು ಬಿಡುತ್ತಾ ಓಡಿಬಂದಳು. “ಅಕ್ಕಾ, ಇವಕ್ಕೇನಾಯ್ತು? ಹಾಲುಹಲ್ಲಿನ ಮಕ್ಕಳು ಮದುವೆ ಆಗ್ತೀನಿ ಅಂದಂಗಿದೆ!”

ಮಿನೆ ಅವಳ ಮುಖ ನೋಡಲಿಲ್ಲ. “ನನ್ನ ಕೈ ತಪ್ಪಿದೆ,” ಅಂದಳು.

ಆ ದಿನಗಳಲ್ಲಿ ಅವಳು ಪಟ್ಟ ಪಾಡು ಹೇಳತೀರದು. ಯಾವ ಮಡಿ ಕೆಟ್ಟಿತು ಅಂತ ಹುಡುಕುತ್ತಿದ್ದಳು. ಬೆಳ್ಳುಳ್ಳಿ ಮುಟ್ಟಿದ್ದೆನೆ? ನೀರಿನಲ್ಲಿ ಅದ್ದುವ ದಿನ ತಪ್ಪಿತೆ? ಎದೆಯಲ್ಲಿಟ್ಟ ರಾತ್ರಿ ಮಗ್ಗುಲಾದೆನೆ? ಅತ್ತೆಯ ಸಮಾಧಿಗೆ ಹೋಗಿ ಅಡ್ಡಬಿದ್ದು ಬಂದಳು. ನನಗೆ ಕನಿಕರ ಹುಟ್ಟಿತು ಅಂದರೆ ಸುಳ್ಳಾಗುತ್ತದೆ. ನನ್ನ ತಟ್ಟೆಗಳಲ್ಲೂ ಅದೇ ಗೋಳು ನಡೆದಿತ್ತು. ಒಳಗೆಲ್ಲೋ ಒಂದು ಮೂಲೆಯಲ್ಲಿ, ನೋಡಿ ಅತ್ತೆ, ನೆಲ ಅದುರಿಸದವಳ ಕೈಗುಣ ನೋಡಿ ಅಂತಲೂ ಅನ್ನಿಸಿತು.

ಮೊಮೊಸೆ ಬಂದವನು ತಟ್ಟೆ ನೋಡಿದ್ದೇ ತಡ, ಕನ್ನಡಕ ತೆಗೆದು ಒರೆಸಿಕೊಂಡ.

“ಬಿತ್ತನೆ ಮಾಡ್ಕೊಂಡ್ರಾ?”

“ಮಾಡ್ಕೊಂಡೆ. ಎಲ್ಲಿ ತಪ್ಪಿದೆ ಅಂತ ಹೇಳಿ ಮೇಷ್ಟ್ರೆ.”

“ತಪ್ಪಿಲ್ಲ ತಾಯಿ. ಕೂಡಿಸಿದ ಬಿತ್ತನೆ ಒಂದು ತಲೆಮಾರಿಗೆ ಮಾತ್ರ. ಮಕ್ಕಳೆಲ್ಲ ಒಂದೇ ಥರ ಇರ್ತಾರೆ. ಮೊಮ್ಮಕ್ಕಳಲ್ಲಿ ಅಜ್ಜ ಅಜ್ಜಿಯರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬರ್ತಾರೆ. ಯಾರ ಕೈಲಿ ಮಾಡಿದ್ರೂ ಹಿಂಗೇ ಆಗೋದು.”

“ಹಂಗಾದ್ರೆ ಇದು ನನ್ನ ಕೈ ತಪ್ಪಲ್ಲ?”

“ಅಲ್ಲವೇ ಅಲ್ಲ.”

“ಹೋದ ವರ್ಷ ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆನಲ್ಲಾ, ಮಾಡ್ಬೇಡಿ ಅಂತ.”

“ಮಾಡ್ಬೇಡಿ ಅಂದ್ರಿ. ಯಾಕೆ ಮಾಡ್ಬಾರ್ದು ಅನ್ನೋದನ್ನ ಹೇಳ್ಲಿಲ್ಲ.”

ಅವನು ತನ್ನ ಧೂಳು ಹಿಡಿದ ಬೂಟು ನೋಡಿಕೊಂಡ. ಕಾರಣ ಹೇಳುವ ರೂಢಿ ಕಂಪನಿಗೆ ಇರಲಿಲ್ಲ, ಕಾರಣ ಹೇಳಿದ್ದರೂ ನಾವು ನಗುತ್ತಿದ್ದೆವೋ ಏನೋ. ಮಿನೆಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಅವಳ ಮುಖ ಬಿಳಚಿತು. ತಪ್ಪು ಅವಳದಲ್ಲ ಅಂದರೆ ತಿದ್ದುವುದೂ ಅವಳ ಕೈಯಲ್ಲಿಲ್ಲ. ಅತ್ತೆಯ ಕಾಲದಿಂದ ಕಲಿತದ್ದೆಲ್ಲ ಹೊಸ ಹುಳುವಿನ ಮುಂದೆ ಕೆಲಸಕ್ಕೆ ಬಾರದ್ದು, ಹಳೆಯ ಹುಳುವಂತೂ ಮೂರು ಮನೆಯಲ್ಲಿ ಎಲ್ಲೂ ಇಲ್ಲ.

“ಕೂರಾ ಹೆಸರು ಪಟ್ಟಿಗೆ ಹೋಗ್ಬೇಕಲ್ಲ, ಅದಕ್ಕೇನು ದಾರಿ?” ಅಂದಳು.

“ಬೆರಕೆ ಗೂಡು ಕಂಪನಿ ಮುಟ್ಟಲ್ಲ. ದುಂಡನೇದು, ಉದ್ದನೇದು, ನಡು ಸಣ್ಣಂದು ಎಲ್ಲ ಒಟ್ಟಿಗೆ ಬಿಚ್ಚಿದ್ರೆ ನೂಲು ಕಿತ್ತುಹೋಗುತ್ತೆ. ಯಾವುದಾದ್ರೂ ಒಂದು ಆಕಾರ, ಬೇಯಿಸಿ ಒಣಗಿಸಿದ್ದು, ಮೂರು ಕಾನ್ ತೂಕ ಆದ್ರೆ ತಗೋತಾರೆ. ಅದಕ್ಕಿಂತ ಕಮ್ಮಿಯಾದ್ರೆ ನೂಲು ಬಿಚ್ಚೋ ಬಾಣಲೆಗೆ ಬೇರೆಯಾಗಿ ಹಾಕಲ್ಲ.”

ಕೂರಾಳ ಮನೆಯ ಗೂಡೆಲ್ಲ ಆರಿಸಿದರೂ ಒಂದೇ ಆಕಾರದ್ದು ಮೂರು ಕಾನ್, ಅಂದರೆ ಒಂದು ದೊಡ್ಡ ಚೀಲ, ಆಗುವ ಮಾತಿಲ್ಲ. ಯಾವ ಒಂದು ಮನೆಯಲ್ಲೂ ಆಗುವ ಹಾಗಿರಲಿಲ್ಲ. ಮಿನೆ ಆ ಸಂಜೆಯೇ ನಮ್ಮ ಮನೆಗೆ ಬಂದು ಹೊಸ್ತಿಲ ಮೇಲೆ ಕೂತಳು.

“ಮೂರು ಮನೆ ಗೂಡೂ ಒಟ್ಟಿಗೆ ಸುರಿಯೋಣ ಯೋನೆ. ಯಾವ ಆಕಾರದ್ದು ಜಾಸ್ತಿ ಇದೆಯೋ ಅದನ್ನ ಕೂರಾ ಹೆಸರಲ್ಲಿ ತೂಗ್ಸೋಣ. ಉಳಿದಿದ್ದನ್ನ ನಾವಿಬ್ರೂ ಹಂಚ್ಕೊಂಡು ಹತ್ತಿ ಥರ ಬಿಡಿಸಿ ಹಾಸಿಗೆ ಹೊದಿಕೆಗೆ ಮಾರೋಣ.”

“ಪಟ್ಟಿಗೆ ಅವಳ ಹೆಸರು, ನನ್ನ ಪಾಲಿಗೆ ಹತ್ತಿ! ನಾನು ನಿನ್ನ ಮೈದುನನ ಹೆಂಡ್ತೀನೋ, ಅವಳೋ?”

“ನಿನಗೆ ತೋಟ ಇದೆ.”

“ಬಿತ್ತನೆ ಕೊಟ್ಟೋಳು ನೀನು. ಹೊಣೆ ಅಂದೋಳೂ ನೀನು. ನನ್ನ ಗೂಡು ಯಾಕಕ್ಕಾ ದಂಡ ತೆರಬೇಕು?”

ಅವಳು ತಲೆ ತಗ್ಗಿಸಿ, ಎರಡು ಕೈಯನ್ನೂ ನೆಲಕ್ಕೆ ಊರಿ ನನಗೆ ನಮಸ್ಕಾರ ಮಾಡಿದಳು. ಹಿರಿಯ ಸೊಸೆ ಕಿರಿಯ ಸೊಸೆಗೆ! ನನ್ನ ಗಂಡ ಒಳಗಿಂದ, “ಆಯ್ತು ಅತ್ತಿಗೆ, ಕೊಡ್ತಾಳೆ, ಏಳಿ,” ಅಂದುಬಿಟ್ಟ. ನನ್ನನ್ನು ಕೇಳಿದವರು ಯಾರು?

ಗೂಡು ಬಿಡಿಸುವ ದಿನ ಬಂತು. ಮಿನೆ ಕೂರಾಳ ಮನೆಯಲ್ಲಿದ್ದಳು, ನನ್ನ ಗಂಡ ತೋಟದಲ್ಲಿದ್ದ. ಹುಳು ಗೂಡು ಕಟ್ಟಲೆಂದು ಇಟ್ಟಿದ್ದ ಹುಲ್ಲಿನ ಚಂದ್ರಂಕಿಯಿಂದ ಗೂಡು ಬಿಡಿಸುತ್ತಾ ಹೋದಂತೆ, ನಡು ಸಣ್ಣನೆಯ ಬಿಳೀ ಗೂಡುಗಳೇ ಹೆಚ್ಚು ಕಂಡವು. ಅವುಗಳಲ್ಲಿ ಚೆನ್ನಾದದ್ದನ್ನು ಒಂದು ಬುಟ್ಟಿಗೆ ಹಾಕಿದೆ. ಚಿಟ್ಟೆ ಕೊರೆದು ಹೊರಗೆ ಬರಬಾರದಲ್ಲ, ಆಗಲೇ ಹಬೆಯಲ್ಲಿ ಬೇಯಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಹಾಸಿಗೆಗಳ ಹಿಂದೆ ತುರುಕಿದೆ. ಏನು ಮಾಡಬೇಕು ಅಂತಿದ್ದೆ? ಈಗ ಎಷ್ಟು ನೆನಪಿಸಿಕೊಂಡರೂ ತಿಳಿಯುವುದಿಲ್ಲ. ಮಗಳ ಮದುವೆಗೆ ಅಂತಲೂ ಅಲ್ಲ. ಆ ಮನೆಯವರ ಅಪ್ಪಣೆಯಿಲ್ಲದೆ ಒಂದು ಬುಟ್ಟಿಯಾದರೂ ನನ್ನದು ಅಂತ ಇರಲಿ ಅನ್ನುವ ಹಟ, ಅಷ್ಟೇ. ಉಳಿದದ್ದನ್ನು ಒಯ್ದು ದೊಡ್ಡ ಮನೆಯ ಚಾಪೆಯ ಮೇಲೆ ಸುರಿದೆ.

ಎರಡು ದಿನ ನಾವು ಮೂವರೂ ಆ ರಾಶಿಯ ಸುತ್ತ ಕೂತು ಆರಿಸಿದೆವು. ದುಂಡನೆಯದು ಇಲ್ಲಿ, ಉದ್ದನೆಯದು ಅಲ್ಲಿ, ನಡು ಸಣ್ಣನೆಯದು ಮಿನೆಯ ಮುಂದೆ. ನಾನು ಅಂದುಕೊಂಡಂತೆ ನಡು ಸಣ್ಣನೆಯದರ ರಾಶಿಯೇ ದೊಡ್ಡದಾಯಿತು. ಎರಡನೆಯ ದಿನ ಮಿನೆಯ ಕೈ ಇದ್ದಕ್ಕಿದ್ದಂತೆ ನಿಂತಿತು. ಒಂದು ಚಿಕ್ಕ ಗೂಡನ್ನು ಬೆಳಕಿಗೆ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿದಳು.

“ಯೋನೆ, ಇದನ್ನ ನೋಡು. ಅತ್ತೆ ಗೂಡು.”

ನಿಜವಾಗಿಯೂ ಅತ್ತೆ ಗೂಡೇ. ಅದೇ ಬಿಳುಪು, ಅದೇ ನಡು, ಅದೇ ಬಿಗಿ. ಕೂಡಿಸಿದ ಎರಡು ಜಾತಿಯಲ್ಲಿ ಒಂದು ನಮ್ಮ ಕಡೆಯದೇ ಅಂತೆ. ಮೊಮ್ಮಕ್ಕಳಲ್ಲಿ ಅಜ್ಜಿ ಹೊರಗೆ ಬಂದಿದ್ದಳು. ಮಿನೆ ಹುಚ್ಚು ಹಿಡಿದವಳಂತೆ ರಾಶಿಯನ್ನೆಲ್ಲ ಮತ್ತೆ ಜಾಲಾಡಿದಳು. ಒಂದು ಮೊರದಷ್ಟು ಸಿಕ್ಕಿತು. ಅವನ್ನು ಬೇಯಿಸದೆ, ಜೀವಂತವಾಗಿ, ದೇವರ ಮಾಡದ ಕೆಳಗೆ ತಂಪಿನಲ್ಲಿ ಇಟ್ಟಳು. ಉಳಿದ ರಾಶಿಯನ್ನು ಅವತ್ತೇ ಬೇಯಿಸಿ ಒಣಗಿಸಿದೆವು. ಮಾರನೆಯ ದಿನ ದಾರಿಯಲ್ಲಿ ಹೋಗುತ್ತಿದ್ದ ಮೊಮೊಸೆಯನ್ನು ನಿಲ್ಲಿಸಿ ಕೇಳಿದಳು: ಇವುಗಳಿಂದ ಹಳೆಯ ಹುಳುವನ್ನು ವಾಪಸ್ ತರಲು ಆಗುತ್ತದೆಯೆ?

“ಪ್ರತಿ ವರ್ಷ ಇಂಥದ್ದನ್ನೇ ಆರಿಸ್ತಾ ಹೋದ್ರೆ... ಎಂಟು ಹತ್ತು ವರ್ಷ ಬೇಕು ತಾಯಿ. ಆದ್ರೆ ಆಗದ್ದೇನಲ್ಲ.”

“ಹತ್ತು ವರ್ಷ ತಾನೆ,” ಅಂದಳು. ಆ ವಸಂತದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಐದನೆಯ ದಿನ ಬೆಳಿಗ್ಗೆ ತೂಕ. ದೊಡ್ಡ ಮನೆಯ ಅಂಗಳದ ಪರ್ಸಿಮನ್ ಮರದ ಕೊಂಬೆಗೆ ಮೊಮೊಸೆ ತಕ್ಕಡಿಕೋಲು ನೇತುಹಾಕಿದ. ಚೀಲ ಎತ್ತಿ ಸಿಕ್ಕಿಸಿ, ಗುಂಡನ್ನು ಮೂರು ಕಾನ್ ಗೆರೆಗೆ ಸರಿಸಿದ. ಕೋಲು ನೆಟ್ಟಗಾಗಲಿಲ್ಲ, ಗುಂಡಿನ ಕಡೆಯ ತುದಿ ಕೆಳಗೆ ವಾಲಿತು. ಇನ್ನೊಮ್ಮೆ ನೋಡಿದ. ಮತ್ತೆ ವಾಲಿತು.

“ಸ್ವಲ್ಪ ಸಾಲ್ದು,” ಅಂದ. “ಒಂದು ಮೊರದಷ್ಟು.”

“ಅಷ್ಟಕ್ಕೆ ಏನಾಗುತ್ತೆ ಮೇಷ್ಟ್ರೆ?” ಅಂದಳು ಕೂರಾ.

“ನಾನು ಬಿಟ್ರೂ ಅಲ್ಲಿ ಮೂವರ ಮುಂದೆ ಮತ್ತೆ ತೂಗ್ತಾರಮ್ಮ. ಕಮ್ಮಿ ಬಿದ್ರೆ ಬೆರಕೆ ರಾಶಿಗೆ ಸುರೀತಾರೆ, ಹೆಸರು ಹೊಡೆದುಹಾಕ್ತಾರೆ.” ಕನ್ನಡಕ ಒರೆಸಿಕೊಂಡ. “ನಾನು ಮೇಲಿನ ಊರ ತೂಕ ಮುಗಿಸಿ ಊಟದ ಹೊತ್ತಿಗೆ ಇದೇ ದಾರೀಲಿ ಬರ್ತೀನಿ. ಎಲ್ಲಿಂದಾದ್ರೂ ಹೊಂದಿಸಿ.”

ಅವನ ಸೈಕಲ್ ತಿರುವಿನಲ್ಲಿ ಮರೆಯಾಯಿತು. ಕೂರಾ ಜಗಲಿಯ ಅಂಚಿಗೆ ಕುಸಿದು ಕೂತಳು. ತೋಟ ಹೋದರೆ ಅವಳಿಗೆ ಇದ್ದ ದಾರಿ ಒಂದೇ, ಮೂರು ಮಕ್ಕಳನ್ನು ಮೂರು ಮನೆಗೆ ಹಂಚಿ ತಾನು ಬಿಸಿನೀರ ಬುಗ್ಗೆಯ ಛತ್ರದಲ್ಲಿ ಪಾತ್ರೆ ತೊಳೆಯಲು ಹೋಗುವುದು. ಅದು ನಮಗೆಲ್ಲ ಗೊತ್ತಿತ್ತು.

ಮಿನೆ ನಿಂತೇ ಇದ್ದಳು. ಒಮ್ಮೆ ಕೂರಾಳನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ನನ್ನನ್ನು ನೋಡಿದ್ದು ತುಸು ಹೆಚ್ಚು ಹೊತ್ತು. ನಾನು ಜಗಲಿಯ ಮೇಲೆ ಬಿದ್ದಿದ್ದ ಹುಲ್ಲುಕಡ್ಡಿ ಆರಿಸತೊಡಗಿದೆ.

ಅವಳು ಒಳಗೆ ಹೋಗಿ ಒಲೆಗೆ ಸೌದೆ ಒಟ್ಟಿ ಬೆಂಕಿ ಹಚ್ಚಿದಳು. ಹಬೆ ಪಾತ್ರೆ ಏರಿಸಿ ನೀರು ಹೊಯ್ದಳು. ದೇವರ ಮಾಡದ ಕೆಳಗಿಂದ ಮೊರ ತಂದು ಒಲೆಯ ಪಕ್ಕ ಇಟ್ಟಳು.

ಕೂರಾ ಹೌಹಾರಿ ಎದ್ದಳು. “ಬೇಡ ಮಿನೆಕ್ಕಾ! ಅದು ಬಿತ್ತನೆ! ನಾಲ್ಕು ದಿನಕ್ಕೆ ಚಿಟ್ಟೆ ಹೊರಡುತ್ತೆ.”

“ನಿನ್ನ ಬೆಳೆಗೆ ಹೊಣೆ ಅಂದಿದ್ದೆ.”

“ನನಗೆ ತೋಟ ಬೇಡ, ಏನೂ ಬೇಡ. ಅತ್ತೆ ಗೂಡು ಮತ್ತೆಲ್ಲಿ ಸಿಗುತ್ತೆ?”

“ಅತ್ತೆ ಗೂಡು ನಿನ್ನ ಮಕ್ಕಳಿಗೆ ಗಂಜಿ ಕಾಯ್ಸುತ್ತಾ? ಹೋಗು, ಬಾವಿಯಿಂದ ಇನ್ನೊಂದು ಕೊಡ ನೀರು ತಾ.”

ನೀರು ಕಾಯಲು ಎಷ್ಟು ಹೊತ್ತು ಬೇಕು? ಸೌದೆ ಹಸಿಯಿತ್ತು, ಹೊಗೆಯೇ ಹೆಚ್ಚು. ನನ್ನ ಮನೆ ಓಣಿಯಾಚೆ ಇಪ್ಪತ್ತು ಹೆಜ್ಜೆ. ಹಾಸಿಗೆಗಳ ಹಿಂದೆ ಅದೇ ನಡುವಿನ, ಅದೇ ಬಿಳುಪಿನ ಗೂಡು, ಬೇಯಿಸಿ ಒಣಗಿಸಿದ್ದು, ಒಂದು ಮೊರಕ್ಕೆ ಹೆಚ್ಚೇ ಇತ್ತು. ನನ್ನವು ಸತ್ತ ಗೂಡು, ಚೀಲಕ್ಕೆ ಮಾತ್ರ ಬರುವಂಥವು. ಅವಳವು ಜೀವವಿದ್ದವು. ಎದ್ದು ಹೋಗಿ ತಂದರೆ ಎಲ್ಲವೂ ಉಳಿಯುತ್ತಿತ್ತು. ತಂದರೆ, ಅದು ಎಲ್ಲಿತ್ತು ಅಂತ ಕೂರಾ ಕೇಳುತ್ತಾಳೆ. ಕಿಸಾಕು ಭಾವ ಕೇಳುತ್ತಾರೆ. ಸಂಜೆಯೊಳಗೆ ಕೆಳಗಿನ ಊರಿನವರೆಗೂ ಸುದ್ದಿ ಹೋಗುತ್ತದೆ: ಸಣ್ಣ ಮನೆಯ ಯೋನೆ ಗಂಡ ಸತ್ತವಳ ಪಾಲಿನ ಗೂಡು ಕದ್ದಿಟ್ಟಿದ್ದಳಂತೆ. ಈಗ ಎದ್ದೆ, ಇನ್ನೇನು ಎದ್ದೆ ಅಂದುಕೊಳ್ಳುತ್ತಲೇ ಕೂತಿದ್ದೆ.

ಪಾತ್ರೆಯ ಮುಚ್ಚಳ ಕುಣಿಯತೊಡಗಿತು. ಮಿನೆ ಮುಚ್ಚಳ ತೆಗೆದಳು. ಮೊರವನ್ನು ಕೈಯಲ್ಲಿ ಎತ್ತಿಕೊಂಡು ಒಂದು ಗಳಿಗೆ ಹಾಗೆಯೇ ನಿಂತಳು. ಅವಳು ನನ್ನ ಕಡೆ ತಿರುಗಲಿಲ್ಲ. ಆಮೇಲೆ ಬಗ್ಗಿಸಿ ಸುರಿದಳು.

ಊಟದ ಹೊತ್ತಿಗೆ ಮೊಮೊಸೆ ಬಂದ. ಇದ್ದಿಲ ಶಾಖದಲ್ಲಿ ಆರಿಸಿದ್ದ ಆ ಗೂಡು ಇನ್ನೂ ಕೊಂಚ ತೇವವಾಗಿಯೇ ಇತ್ತು. ಅವನು ಒಂದನ್ನು ಕೈಗೆ ತಗೊಂಡ, ಯಾವ ಗೂಡು ಅಂತ ಅವನಿಗೆ ತಿಳಿಯಿತು. ಅದನ್ನು ಮೆಲ್ಲಗೆ ಚೀಲಕ್ಕೆ ಹಾಕಿದ. ಕೋಲು ನೆಟ್ಟಗೆ ನಿಂತಿತು. ಪುಸ್ತಕದಲ್ಲಿ ಕೂರಾಳ ಹೆಸರು ಬರೆದುಕೊಂಡು, ಟೋಪಿ ತೆಗೆದು ಮಿನೆಗೆ ನಡು ಬಗ್ಗಿಸಿ ನಮಸ್ಕರಿಸಿ ಹೋದ.

ಕೂರಾಳ ತೋಟ ಅವಳಿಗೇ ಉಳಿಯಿತು. ಅವಳ ಮಕ್ಕಳು ಅವಳ ಕಣ್ಣೆದುರೇ ಬೆಳೆದರು. ಮಿನೆ ಮರುವರ್ಷದಿಂದ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಕಂಪನಿಯ ಕಾಗದ ಇಸಿದುಕೊಂಡಳು. ಮತ್ತೆ ಒಂದು ವರ್ಷವೂ ಬಿತ್ತನೆಗೆ ಗೂಡು ಆರಿಸಲಿಲ್ಲ. ರೇಷ್ಮೆಯ ಬೆಲೆ ನೆಲಕಚ್ಚಿ ಕಾರ್ಖಾನೆಗಳೇ ಬಾಗಿಲು ಹಾಕಿದ ವರ್ಷ ನಾವು ಹಿಪ್ಪುನೇರಳೆ ಕಿತ್ತು ಗೋಧಿ ಬಿತ್ತಿದೆವು. ಅವಳು ಆಗಲೂ ಯಾರನ್ನೂ ದೂರಲಿಲ್ಲ, ಕಂಪನಿಯನ್ನೂ ಬೈಯಲಿಲ್ಲ. ಊರು ಅದನ್ನು ತಾಳ್ಮೆ ಅಂದಿತು.

ತೂಕವಾದ ಆ ದಿನ ಎಲ್ಲರೂ ಹೋದ ಮೇಲೆ ನಾನು ಬಾವಿಕಟ್ಟೆಗೆ ಹೋದೆ. ಮಿನೆ ಬೂದಿ ಹಾಕಿ ಹಬೆ ಪಾತ್ರೆ ತಿಕ್ಕುತ್ತಿದ್ದಳು. ಏನಾದರೂ ಹೇಳಬೇಕು ಅಂತ ಹೋದವಳು ಪಾತ್ರೆಯ ಇನ್ನೊಂದು ಕಡೆ ಹಿಡಿದುಕೊಂಡು ತಿಕ್ಕತೊಡಗಿದೆ.

“ಹಾಸಿಗೆ ಹಿಂದೆ ಇಟ್ರೆ ಇಲಿ ಕಡಿಯುತ್ತೆ ಯೋನೆ,” ಅಂದಳು ತಲೆಯೆತ್ತದೆ. “ಅಟ್ಟಕ್ಕೆ ಹಾಕು.”

“ನಿನಗೆ ಗೊತ್ತಿತ್ತಾ?”

“ನಿನ್ನ ತಟ್ಟೆ ಹುಳು ಒಂದೊಂದನ್ನೂ ನಾನೇ ಬೇರೆ ಮಾಡಿದ್ದಲ್ವೇನೆ? ಎಷ್ಟು ಗೂಡಾಗ್ಬೇಕು ಅಂತ ಗೊತ್ತಾಗಲ್ವಾ? ಆ ಪುಟ್ಟ ಮನೇಲಿ ಬಚ್ಚಿಡೋಕೆ ಬೇರೆ ಜಾಗ ತಾನೇ ಎಲ್ಲಿದೆ?”

“ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ? ಒಂದು ಮಾತು ಕೇಳಿದ್ರೆ ಕೊಡ್ತಿದ್ದೆ ಅಕ್ಕಾ. ಕೇಳ್ಬಾರ್ದಿತ್ತಾ?”

ಮಿನೆ ಪಾತ್ರೆಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ನೀರಲ್ಲಿ ಅದ್ದಿದಳು.

“ಕೂರಾ ಅಲ್ಲೇ ಕೂತಿದ್ಲಲ್ಲೇ,” ಅಂದಳು. “ಅವಳೆದುರು ಕೇಳಿದ್ರೆ ಈ ಓಣೀಲಿ ನೀನು ಹೆಂಗೆ ತಲೆಯೆತ್ತಿ ಓಡಾಡ್ತಿದ್ದೆ?”